ಈರುಳ್ಳಿಗೆ ಒಗ್ಗದ ತಂಪು

ಪುಣೆಯಿಂದ ನಾಸಿಕದ ಕಡೆಗೆ ಹೊರಟು ಮೂವತ್ತು ಕಿಲೋಮೀಟರ್ ದಾಟಿದರೆ ಚಾಕಣ. ಹೆಸರು ಕೇಳಿದೊಡನೆ ಈಗಿನವರಿಗೆ ನೆನಪಾಗುವುದು ಬಜಾಜ್, ಮಹೀಂದ್ರಾ, ಫೋಕ್ಸ್‌ವ್ಯಾಗನ್ ಕಾರ್ಖಾನೆಗಳು. ಆದರೆ ಕಾರುಗಳು ಬರುವ ಎಷ್ಟೋ ಮೊದಲಿನಿಂದ ಚಾಕಣ ಈರುಳ್ಳಿ ಪೇಟೆ. ಇಂದಿಗೂ ಹರಾಜಿನ ದಿನ, ಹೊಸ ಕಾರು ಹೊತ್ತ ಉದ್ದನೆಯ ಟ್ರೇಲರುಗಳ ಸಂದಿಯಲ್ಲಿ ಮೂಟೆ ಹೇರಿದ ಪಿಕಪ್ ಗಾಡಿಗಳು ನುಸುಳಿಕೊಂಡು ಹೋಗುತ್ತವೆ. ಅಲ್ಲಿಂದ ಮುಂದೆ ರಾಜಗುರುನಗರ, ಮಂಚರ್, ನಾರಾಯಣಗಾಂವ್, ಆಳೆಫಾಟಾ. ದಾರಿಯುದ್ದಕ್ಕೂ ಹೊಲಗಳ ಅಂಚಿನಲ್ಲಿ, ನೆಲದಿಂದ ಒಂದೆರಡು ಅಡಿ ಮೇಲೆದ್ದು ನಿಂತ, ಉದ್ದವಾದ ಕಿರಿದಾದ ಜಾಲರಿ ಗೋಡೆಯ ಕಟ್ಟೋಣಗಳು ಕಾಣುತ್ತವೆ. ಹೊಸಬರು ಕೋಳಿ ಫಾರಂ ಎಂದುಕೊಳ್ಳುತ್ತಾರೆ. ಊರವರು ಅದನ್ನು ಕರೆಯುವುದು ಕಾಂದಾ ಚಾಳ್ ಎಂದು.

ಏಪ್ರಿಲ್, ಮೇ ತಿಂಗಳಲ್ಲಿ ಕಿತ್ತ ಈರುಳ್ಳಿ ಈ ಚಾಳು ಸೇರುತ್ತದೆ. ಹೊರಗೆ ಬರುವುದು ಆಗಸ್ಟ್‌ನಲ್ಲಿ, ಸೆಪ್ಟೆಂಬರ್‌ನಲ್ಲಿ. ಬೆಲೆಯ ಆಸೆ ಜಾಸ್ತಿ ಇದ್ದವರದು ದೀಪಾವಳಿಯ ಹೊತ್ತಿಗೆ. ದೇಶದ ಈರುಳ್ಳಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಹಿಂಗಾರಿನದು, ಅದೂ ಕೆಲವೇ ವಾರಗಳಲ್ಲಿ ಒಟ್ಟೊಟ್ಟಿಗೆ ಕೊಯ್ಲಿಗೆ ಬರುವಂಥದ್ದು. ಅಡುಗೆಮನೆ ಮಾತ್ರ ವರ್ಷವಿಡೀ ಒಂದೇ ಸಮನೆ ಕೇಳುತ್ತದೆ. ಹಾಗಾಗಿ ಮಳೆಗಾಲದ ತಿಂಗಳುಗಳಲ್ಲಿ ಬೆಂಗಳೂರಿನ ಹೋಟೆಲಿನ ಈರುಳ್ಳಿ ದೋಸೆಗೆ ಬೀಳುವುದು, ಧಾರವಾಡದ ಖಾನಾವಳಿಯಲ್ಲಿ ರೊಟ್ಟಿಯ ಪಕ್ಕ ಕೂರುವ ಉಳ್ಳಾಗಡ್ಡಿ, ಬಹುಮಟ್ಟಿಗೆ ಯಾವುದೋ ಚಾಳಿನಲ್ಲಿ ತಿಂಗಳುಗಟ್ಟಲೆ ಮಲಗಿ ಎದ್ದು ಬಂದದ್ದು.

ಬೆಲೆ ಏರಿದಾಗಲೆಲ್ಲ ಟೀವಿ ಚರ್ಚೆಗಳಲ್ಲಿ ಒಂದು ಸಲಹೆ ತಪ್ಪದೆ ಹಾಜರಾಗುತ್ತದೆ: ಶೀತಲಗೃಹ ಕಟ್ಟಿ, ಸಮಸ್ಯೆ ಮುಗಿಯಿತು. ಆಲೂಗಡ್ಡೆ ಶೀತಲಗೃಹದಲ್ಲಿ ಉಳಿಯುತ್ತದೆ, ಸೇಬು ಉಳಿಯುತ್ತದೆ, ಈರುಳ್ಳಿ ಯಾಕೆ ಉಳಿಯಬಾರದು ಎಂಬ ತರ್ಕ. ಕೇಳಲು ಸರಿಯಾಗಿಯೇ ಇದೆ. ಈರುಳ್ಳಿ ಈ ತರ್ಕಕ್ಕೆ ಒಪ್ಪುವುದಿಲ್ಲ.

ಹೆಚ್ಚಿನ ತರಕಾರಿಗಳ ವಿಷಯದಲ್ಲಿ ಲೆಕ್ಕ ನೇರ. ತಂಪು ಹೆಚ್ಚಿದಷ್ಟೂ ಆಯುಷ್ಯ ಹೆಚ್ಚು. ಈರುಳ್ಳಿ ಚೆನ್ನಾಗಿ ಉಳಿಯುವ ಉಷ್ಣಾಂಶದ ಪಟ್ಟಿಗಳು ಎರಡು, ಅವೆರಡೂ ಒಂದಕ್ಕೊಂದು ಬಲು ದೂರ. ಒಂದು, 0ಯಿಂದ 2 ಡಿಗ್ರಿ ಸೆಲ್ಸಿಯಸ್. ಇನ್ನೊಂದು, 25ರಿಂದ 30 ಡಿಗ್ರಿ. ಎರಡರಲ್ಲೂ ಗಾಳಿಯ ತೇವಾಂಶ ಶೇ 65–70ರ ಆಸುಪಾಸು ಇರಬೇಕು. ನಡುವಿನ ಉಷ್ಣಾಂಶ, ಅದರಲ್ಲೂ ನಮಗೆ ಹಿತವೆನಿಸುವ 10ರಿಂದ 20 ಡಿಗ್ರಿಯ ತಂಪು, ಅದಕ್ಕೆ ಮೊಳೆಯಲು ಕರೆ ಕೊಟ್ಟ ಹಾಗೆ. ಕಾರಣ ಗಿಡದ ಬದುಕಿನಲ್ಲೇ ಇದೆ. ಈರುಳ್ಳಿ ಎರಡು ಋತುಗಳ ಗಿಡ. ಮೊದಲ ಋತುವಿನಲ್ಲಿ ಗಡ್ಡೆ ಕಟ್ಟುತ್ತದೆ, ಬೇಸಿಗೆಯನ್ನು ಗಡ್ಡೆಯಾಗಿ ಮಲಗಿ ಕಳೆಯುತ್ತದೆ, ಮತ್ತೆ ಚಳಿ ಬಂದಾಗ ಮೊಳೆತು ಹೂದಂಟು ಎಸೆದು ಬೀಜ ಬಿಡುತ್ತದೆ. ಸಣ್ಣಗೆ ತಂಪಾದರೆ ಸಾಕು, ಕಾಯುವ ಕಾಲ ಮುಗಿಯಿತು ಎಂದು ಅದು ಭಾವಿಸುತ್ತದೆ.

ಹಾಗಾದರೆ ಸೊನ್ನೆ ಡಿಗ್ರಿಗೇ ಇಳಿಸಬಾರದೇಕೆ? ಇಳಿಸಬಹುದು. ತೊಡಕು ಶುರುವಾಗುವುದು ಹೊರಗೆ ತೆಗೆದ ದಿನ. ಪುಣೆಯ ಆಗಸ್ಟ್ ತಿಂಗಳ ಒದ್ದೆ ಗಾಳಿಗೆ ತಣ್ಣನೆಯ ಗಡ್ಡೆ ಬಂದರೆ ಮೈತುಂಬ ನೀರಹನಿ ಕಟ್ಟುತ್ತದೆ. ಕಪ್ಪು ಬೂಷ್ಟಿಗೆ ಬೇಕಾದದ್ದೂ ಅದೇ. ಒಳಗಿನ ಮೊಳಕೆಯೂ ಬಲುಬೇಗ ಎಚ್ಚರಗೊಳ್ಳುತ್ತದೆ. ಲಾರಿಯಲ್ಲಿ ಎರಡು ದಿನ, ಅಂಗಡಿಯಲ್ಲಿ ನಾಲ್ಕು ದಿನ ಕಳೆಯುವಷ್ಟರಲ್ಲಿ ಹಸಿರು ಮೂಗು ಹೊರಗಿಣುಕುತ್ತದೆ. ಇದ್ದ ಶೀತಲಗೃಹಗಳಲ್ಲೇ ತುಂಬೋಣವೆಂದರೆ ನಮ್ಮಲ್ಲಿ ಅವುಗಳ ಬಹುಪಾಲು ಕಟ್ಟಿರುವುದು ಆಲೂಗಡ್ಡೆಗಾಗಿ. ಆಲೂಗಡ್ಡೆಗೆ ಶೇ 90ರ ಮೇಲಿನ ತೇವ ಬೇಕು, ಆ ತೇವದಲ್ಲಿ ಈರುಳ್ಳಿ ಬೇರು ಬಿಡುತ್ತದೆ. ಹಣ್ಣಿನ ಜೊತೆ ಇಡುವಂತಿಲ್ಲ, ವಾಸನೆ ಹತ್ತುತ್ತದೆ. ಇಷ್ಟೆಲ್ಲ ಕರೆಂಟಿನ ಖರ್ಚು ಹೊರಬೇಕಾದದ್ದು ಕಿಲೋಗೆ ಹತ್ತೋ ಹನ್ನೆರಡೋ ರೂಪಾಯಿಗೆ ಹೊಲದಲ್ಲಿ ಮಾರಾಟವಾಗುವ ಸರಕು.

ನೆದರ್ಲೆಂಡ್ಸ್‌ನಲ್ಲಿ ಇದು ನಡೆಯುತ್ತದೆ. ಅಲ್ಲಿ ಕೊಯ್ಲು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಉಗ್ರಾಣಕ್ಕೆ ತುಂಬಿದ ಗಡ್ಡೆಗೆ ಮೊದಲು ಬೆಚ್ಚನೆಯ ಗಾಳಿ ಊದಿ ಕುತ್ತಿಗೆ ಒಣಗಿಸುತ್ತಾರೆ. ಆಮೇಲೆ ಹೊರಗಿನ ಚಳಿಯನ್ನೇ ಫ್ಯಾನಿನಿಂದ ಒಳಗೆಳೆದು ನಿಧಾನವಾಗಿ ತಣಿಸುತ್ತಾರೆ. ಹೊರಗೆ ತೆಗೆದಾಗ ಊರೇ ತಣ್ಣಗಿರುತ್ತದೆ. ದಖ್ಖನ್ನಿನ ರೈತನಿಗೆ ಪ್ರಕೃತಿ ಕೊಟ್ಟಿರುವುದು ಬಿಸಿ ಪಟ್ಟಿ, ಅದನ್ನೇ ಬಳಸಿಕೊಂಡು ಅವನು ಚಾಳು ಕಟ್ಟಿದ.

ಚಾಕಣ ದಾಟಿ ಹತ್ತು ಕಿಲೋಮೀಟರ್ ಹೋದರೆ ಭೀಮಾ ನದಿಯ ದಂಡೆಯ ರಾಜಗುರುನಗರ. ಹಳೆಯ ಹೆಸರು ಖೇಡ್. ಭಗತ್ ಸಿಂಗ್ ಜೊತೆ ಗಲ್ಲಿಗೇರಿದ ಶಿವರಾಮ ಹರಿ ರಾಜಗುರು ಹುಟ್ಟಿದ ಊರು. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು 1994ರಲ್ಲಿ ನಾಸಿಕದಲ್ಲಿ ಶುರುಮಾಡಿದ ಈರುಳ್ಳಿ ಮತ್ತು ಬೆಳ್ಳುಳ್ಳಿಯ ರಾಷ್ಟ್ರೀಯ ಸಂಶೋಧನಾ ಕೇಂದ್ರ 1998ರಲ್ಲಿ ಇಲ್ಲಿಗೆ ಬಂತು, ಹತ್ತು ವರ್ಷದ ನಂತರ ನಿರ್ದೇಶನಾಲಯವಾಯಿತು. ಇಲ್ಲಿ ಹುಟ್ಟಿದ ಈರುಳ್ಳಿ ತಳಿಗಳಿಗೆಲ್ಲ ನದಿಯ ಹೆಸರು: ಭೀಮಾ ಸೂಪರ್, ಭೀಮಾ ರಾಜ್, ಭೀಮಾ ಕಿರಣ್, ಭೀಮಾ ಶಕ್ತಿ, ಭೀಮಾ ಶ್ವೇತಾ. ಇದೇ ಭೀಮೆ ಮುಂದೆ ಹರಿದು ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ಹೊಲಗಳಿಗೂ ನೀರುಣಿಸುತ್ತಾಳೆ.

ತಳಿಗಳ ಈ ಪಟ್ಟಿಯನ್ನು ರೈತರು ಓದುವುದು ಇಳುವರಿಗಾಗಿ ಮಾತ್ರವಲ್ಲ. ಭೀಮಾ ಕಿರಣ್, ಭೀಮಾ ಶಕ್ತಿ ಚೆನ್ನಾಗಿ ಒಣಗಿದ್ದರೆ ಐದಾರು ತಿಂಗಳು ತಾಳುತ್ತವೆ. ಭೀಮಾ ಶ್ವೇತಾ ಬಿಳಿ ತಳಿ, ಅದರ ತಾಳಿಕೆ ಅರ್ಧದಷ್ಟು. ಪುಣೆ ಸುತ್ತಿನ ಹಳಬರಿಗೆ ಈ ವಿಂಗಡಣೆ ಸಂಶೋಧನಾ ಕೇಂದ್ರ ಬರುವ ಮೊದಲೇ ಗೊತ್ತಿತ್ತು. ಬೇಗ ಬಂದು ಬೇಗ ಹಾಳಾಗುವುದು ಹಳವಾ ಕಾಂದಾ, ತಡವಾಗಿ ಬಲಿತು ಬಹುಕಾಲ ಉಳಿಯುವುದು ಗರವಾ ಕಾಂದಾ. ಗರವಾದಲ್ಲಿ ಹೆಸರು ಮಾಡಿದ್ದು ಫುರಸುಂಗಿ ತಳಿ. ಆ ಊರು ಹಡಪಸರದ ಆಚೆ ಇದೆ. ಪುಣೆಯವರಿಗೆ ಅದೀಗ ಹೆಚ್ಚಾಗಿ ನಗರದ ಕಸದ ಡಿಪೋದ ಜಗಳದಿಂದ ಪರಿಚಯ. ಅದರ ಹೆಸರಿನ ಈರುಳ್ಳಿ ಬೀಜ ಮಾತ್ರ ಜಿಲ್ಲೆ ದಾಟಿ, ರಾಜ್ಯ ದಾಟಿ ಬೆಳೆಯುತ್ತಿದೆ.

ಈರುಳ್ಳಿ ಯಾಕೆ ಉಳಿಯುತ್ತದೆ, ಯಾಕೆ ಕೆಡುತ್ತದೆ ಎಂದು ತಿಳಿಯಲು ಪ್ರಯೋಗಾಲಯ ಬೇಡ, ಚಾಕು ಸಾಕು. ಗಡ್ಡೆಯನ್ನು ಕುತ್ತಿಗೆಯಿಂದ ಬುಡಕ್ಕೆ ನೇರ ಸೀಳಿದರೆ ಕೆಳಗೆ ಬೇರಿನ ಬದಿಯಲ್ಲಿ ಬಿಲ್ಲೆಯಂಥ ಗಟ್ಟಿ ಭಾಗ ಸಿಗುತ್ತದೆ. ಗಿಡದ ಕಾಂಡವೆಂದರೆ ಅಷ್ಟೇ. ಅದರ ಮೇಲೆ ಒಂದರೊಳಗೊಂದು ಕೂತ ಪದರಗಳೆಲ್ಲ ಎಲೆಗಳ ಬುಡ, ನೀರು ಸಕ್ಕರೆ ತುಂಬಿ ಊದಿಕೊಂಡಂಥವು. ನಟ್ಟನಡುವೆ, ಬಿಲ್ಲೆಗೆ ಅಂಟಿಕೊಂಡು, ಹಳದಿ ಹಸಿರಿನ ಸಣ್ಣ ಮೊಗ್ಗು. ಅದು ಎಳ್ಳಿನಷ್ಟಿದ್ದರೆ ಗಡ್ಡೆ ನಿದ್ದೆಯಲ್ಲಿದೆ, ಬೆರಳುದ್ದ ಮೇಲೇರಿದ್ದರೆ ಇನ್ನು ಹೆಚ್ಚು ದಿನ ಇಲ್ಲ. ಹೊರಗಿನ ಒಂದೆರಡು ಪದರ ಒಣಗಿ ಕಾಗದದಂತಾಗಿ ಒಳಗಿನ ನೀರು ಹಾರದಂತೆ ಕಾಯುತ್ತವೆ. ಮೇಲ್ಗಡೆ ಕುತ್ತಿಗೆ. ಅದು ದಾರದ ಹಾಗೆ ಒಣಗಿ ಮುಚ್ಚಿದ್ದರೆ ಒಳ್ಳೆಯದು. ದಪ್ಪಗಿದ್ದು ಒದ್ದೆ ಉಳಿದಿದ್ದರೆ ಕೊಳೆ ತರುವ ಬ್ಯಾಕ್ಟೀರಿಯಾಕ್ಕೆ, ಶಿಲೀಂಧ್ರಕ್ಕೆ ನಡುಮನೆಯವರೆಗೆ ನೇರ ದಾರಿ. ಎಷ್ಟೋ ಸಲ ಹೊರಗಿಂದ ಚೊಕ್ಕವಾಗಿ ಕಾಣುವ ಈರುಳ್ಳಿಯ ನಡುವಿನ ಎರಡು ಪದರ ಮಾತ್ರ ಲೋಳೆಯಾಗಿರುವುದು ಇದಕ್ಕೇ.

ಹಾಗಾಗಿ ಚಾಳಿನ ಭವಿಷ್ಯ ಬಹುಪಾಲು ನಿರ್ಧಾರವಾಗುವುದು ಹೊಲದಲ್ಲಿ, ಗಡ್ಡೆ ಚಾಳಿನ ಮುಖ ನೋಡುವ ಎಷ್ಟೋ ವಾರ ಮೊದಲು. ನಾಟಿಯಾಗಿ ಒಂದೂವರೆ ತಿಂಗಳಾದ ಮೇಲೂ ಯೂರಿಯಾ ಸುರಿದರೆ ಗಡ್ಡೆ ದಪ್ಪನಾಗುತ್ತದೆ, ತೂಗಿದಾಗ ಖುಷಿಯೂ ಆಗುತ್ತದೆ. ಆದರೆ ಕುತ್ತಿಗೆಯೂ ದಪ್ಪ, ಒಳಗಿನ ಪದರ ಸಡಿಲ. ಕೊಯ್ಲಿಗೆ ಹತ್ತು ಹದಿನೈದು ದಿನ ಮೊದಲೇ ನೀರು ನಿಲ್ಲಿಸಬೇಕು. ಹೊಲದಲ್ಲಿ ಅರ್ಧದಷ್ಟು ಗಿಡಗಳ ಕುತ್ತಿಗೆ ತಾನಾಗಿ ಮುರಿದು ಬಿದ್ದಾಗ ಕೀಳಬೇಕು. ಕಿತ್ತದ್ದನ್ನು ಸಾಲಾಗಿ ಮಲಗಿಸುವಾಗ ಒಂದು ಸಾಲಿನ ಗಡ್ಡೆಯ ಮೇಲೆ ಮುಂದಿನ ಸಾಲಿನ ಎಲೆ ಬರಬೇಕು. ಗಾಳಿ ಆಡಬೇಕು, ಮೇ ತಿಂಗಳ ಬಿಸಿಲು ನೇರ ಗಡ್ಡೆಗೆ ತಾಗಬಾರದು. ತಾಗಿದರೆ ಆ ಭಾಗ ಬೆಂದು ಬೆಳ್ಳಗಾಗುತ್ತದೆ, ಮುಂದೆ ಅಲ್ಲಿಂದಲೇ ಕೊಳೆ. ಮೂರರಿಂದ ಐದು ದಿನ ಹೀಗೆ ಬಾಡಿಸಿ, ಎರಡು ಸೆಂಟಿಮೀಟರಿನಷ್ಟು ಕುತ್ತಿಗೆ ಬಿಟ್ಟು ಎಲೆ ಕೊಯ್ದು, ನೆರಳಿನಲ್ಲಿ ಮತ್ತೆ ಹತ್ತು ಹನ್ನೆರಡು ದಿನ ಹರವಬೇಕು. ರಾಜಗುರುನಗರದವರು ಹೇಳುತ್ತ ಬಂದಿರುವುದು ಇದನ್ನೇ.

ಇದರಲ್ಲಿ ರೈತರು ಹೆಚ್ಚಾಗಿ ತಪ್ಪಿಸುವುದು ಕೊನೆಯ ಹತ್ತು ದಿನ. ಸೋಮಾರಿತನದಿಂದ ತಪ್ಪಿಸುತ್ತಾರೆ ಎನ್ನುವುದು ಅನ್ಯಾಯ. ಮೇ ತಿಂಗಳ ಮಧ್ಯದಲ್ಲಿ ಪಶ್ಚಿಮಕ್ಕೆ ಮೋಡ ಕಟ್ಟಿ, ಮಧ್ಯಾಹ್ನ ಗುಡುಗು ಕೇಳಿದರೆ, ಹರವಿದ ಮಾಲನ್ನು ಬಾಚಿ ಒಳಗೆ ತುಂಬದೆ ಇನ್ನೇನು ಮಾಡಲಿಕ್ಕಾಗುತ್ತದೆ? ಎಲೆ ಕೊಯ್ಯುವ ಹೆಣ್ಣಾಳುಗಳು ಸಿಗುವುದೂ ಕಷ್ಟ, ಊರಲ್ಲೆಲ್ಲ ಅದೇ ವಾರ ಅದೇ ಕೆಲಸ. ಹಾಗೆ ಅವಸರದಲ್ಲಿ ತುಂಬಿದ ಚಾಳನ್ನು ಜುಲೈನಲ್ಲಿ ಮೂಗಿನಿಂದಲೇ ಗುರುತಿಸಬಹುದು.

ಚಾಳಿನ ವಿನ್ಯಾಸದ ಹಿಂದಿನ ಯೋಚನೆ ಒಂದೇ: ಗಾಳಿ. ಗಡ್ಡೆ ಜೀವಂತ, ಉಸಿರಾಡುತ್ತದೆ, ಉಸಿರಿನ ಜೊತೆ ಬಿಸಿ ಮತ್ತು ತೇವ ಬಿಡುತ್ತದೆ. ರಾಶಿಯ ಅಂಚಿನಲ್ಲಿದ್ದವಕ್ಕೆ ತೊಂದರೆಯಿಲ್ಲ. ಒಳಗಿದ್ದವುಗಳ ಪಾಡು ಜಾತ್ರೆಯ ಬಸ್ಸಿನ ನಡುವೆ ಸಿಕ್ಕಿಕೊಂಡವರ ಪಾಡು. ಆದ್ದರಿಂದ ರಾಶಿಯ ಅಗಲ ನಾಲ್ಕು ಅಡಿ ಮೀರಬಾರದು, ಎತ್ತರ ನಾಲ್ಕೈದು ಅಡಿ ದಾಟಬಾರದು. ಎತ್ತರ ಹೆಚ್ಚಿದರೆ ಕೆಳಗಿನವು ಜಜ್ಜುತ್ತವೆ. ನೆಲದಿಂದ ಮೇಲೆತ್ತಿದ ಬಿದಿರು ಅಥವಾ ಹಲಗೆಯ ಅಟ್ಟ, ಹಲಗೆಗಳ ನಡುವೆ ಸಂದಿ. ತಳದಿಂದ ಗಾಳಿ ನುಗ್ಗಿ ರಾಶಿಯ ಮೂಲಕ ಮೇಲೇರಬೇಕು. ಬಡ ರೈತರ ಹಳೆಯ ಪದ್ಧತಿಯಲ್ಲಿ ತಳ ನೆಲವೇ, ಗೋಡೆ ಕಬ್ಬಿನ ರವದಿ. ಹಾನಿಯ ವ್ಯತ್ಯಾಸ ಹುಟ್ಟುವುದು ಬಹುಪಾಲು ಈ ಎರಡಡಿ ಎತ್ತರದಿಂದ.

ಛಾವಣಿಯ ವಿಷಯದಲ್ಲಿ ಕರಾವಳಿಯವರಿಗೆ ಹೆಮ್ಮೆಯೆನಿಸುವ ಒಂದು ಸಂಗತಿ ಇದೆ. ತಗಡು ಹೊದಿಸಿದರೆ ಮಧ್ಯಾಹ್ನ ಒಳಗೆ ಬೇಯುತ್ತದೆ, ಗಡ್ಡೆಯ ನೀರು ಹಾರಿ ತೂಕ ಇಳಿಯುತ್ತದೆ. ಆದ್ದರಿಂದ ಚಾಳಿಗೆ ತಜ್ಞರು ಸೂಚಿಸುವ ಹೊದಿಕೆಗಳಲ್ಲಿ ಮಂಗಳೂರು ಹಂಚೂ ಇದೆ. ನೇತ್ರಾವತಿ ದಂಡೆಯ ಮಣ್ಣಿನ ಈ ಕೆಂಪು ಹಂಚು ಕಾಫಿ ತೋಟದ ಬಂಗಲೆ, ರೈಲು ನಿಲ್ದಾಣ, ಶಾಲೆಗಳ ಮೇಲೆಲ್ಲ ಕೂತು ಕೊನೆಗೆ ಪುಣೆ ಜಿಲ್ಲೆಯ ಈರುಳ್ಳಿಗೂ ನೆರಳಾಯಿತು. ನಿಜ ಹೇಳಬೇಕೆಂದರೆ ಈಗ ಹೆದ್ದಾರಿಯಿಂದ ಕಾಣುವ ಹೊಸ ಚಾಳುಗಳಲ್ಲಿ ತಗಡಿನವೇ ಜಾಸ್ತಿ, ಹಂಚು ಹಾಕಿಸುವ ತಾಳ್ಮೆ ಕಡಿಮೆಯಾಗಿದೆ.

ಒಮ್ಮೆ ತುಂಬಿದ ಮೇಲೆ ಮೂರು ಋತುಗಳು ಒಂದೊಂದು ಪಾಲು ಕೇಳುತ್ತವೆ. ಬೇಸಿಗೆಯ ಕೊನೆ ತೂಕ ಕದಿಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗಿನ ಒದ್ದೆ ಗಾಳಿ ಕೊಳೆ ತರುತ್ತದೆ. ಸಿಪ್ಪೆಯ ಗೆರೆಗಳ ಗುಂಟ ಮಸಿಯ ಪುಡಿ ಹಚ್ಚಿದಂತೆ ಕಾಣುವ ಕಪ್ಪು ಬೂಷ್ಟು ಆಸ್ಪರ್ಜಿಲಸ್ ನೈಜರ್ ಎಂಬ ಶಿಲೀಂಧ್ರದ್ದು. ಸೆಪ್ಟೆಂಬರ್ ದಾಟಿ ರಾತ್ರಿ ತಣ್ಣಗಾಗತೊಡಗಿದರೆ ಮೊಳಕೆ. ಚಾಳು ಇದ್ದ ಮನೆಯಲ್ಲಿ ಮಳೆಗಾಲದ ಬೆಳಗು ಬಾಗಿಲು ತೆಗೆದೊಡನೆ ಮೂಗು ಕೆಲಸ ಶುರುಮಾಡುತ್ತದೆ. ಒಣ ಈರುಳ್ಳಿಯ ಖಾರ ವಾಸನೆ ಇದ್ದರೆ ಸರಿ. ಅದರಡಿ ಹುಳಿ ಬೆರೆತ ಇನ್ನೊಂದು ವಾಸನೆ ಎದ್ದರೆ, ಜಾಲರಿಗೆ ಒರಗಿ ಒಳಗೆ ಇಣುಕಿ, ಎಲ್ಲಿ ಸಿಪ್ಪೆ ಒದ್ದೆಯಾಗಿ ಕಂದಿದೆ, ಎಲ್ಲಿ ನೀರು ಜಿನುಗಿ ಹಲಗೆ ಕಪ್ಪಾಗಿದೆ ಎಂದು ಹುಡುಕಬೇಕು. ಆ ಕಡೆಯ ಹಲಗೆ ಬಿಚ್ಚಿ, ರಾಶಿ ಹೊರಗೆಳೆದು, ಕೊಳೆತದ್ದನ್ನು ಆಯ್ದು, ಉಳಿದದ್ದನ್ನು ಮತ್ತೆ ತುಂಬಬೇಕು. ಪ್ರತಿ ಸಲ ಆಯುವಾಗಲೂ ಕೂಲಿ ಬೀಳುತ್ತದೆ, ಪ್ರತಿ ಸಲ ಅಲುಗಿದಾಗಲೂ ಚೊಕ್ಕ ಗಡ್ಡೆಗಳ ಸಿಪ್ಪೆ ಒಂದಿಷ್ಟು ಕಳಚುತ್ತದೆ. ಸಿಪ್ಪೆ ಹೋದ ಈರುಳ್ಳಿಗೆ ಹರಾಜಿನಲ್ಲಿ ಬೆಲೆಯಿಲ್ಲ.

ಹಾನಿ ಎಷ್ಟು? ದೇಶಮಟ್ಟದ ಅಂದಾಜುಗಳು ಇಲ್ಲಿ ದಾರಿ ತಪ್ಪಿಸಬಲ್ಲವು. ಲೂಧಿಯಾನದ ಕೊಯ್ಲೋತ್ತರ ಸಂಶೋಧನಾ ಸಂಸ್ಥೆಯ 2015ರ ವರದಿಯಲ್ಲಿ ಸೀಬೆಯ ನಷ್ಟ ಶೇ 15.88, ಟೊಮೆಟೊ ಶೇ 12.44, ಈರುಳ್ಳಿಯದು ಅದಕ್ಕಿಂತ ಕಡಿಮೆ, ಶೇ 8ರ ಆಸುಪಾಸು. ಓದಿದರೆ ಈರುಳ್ಳಿ ಬಲು ಸಾಧು ಬೆಳೆ ಎನಿಸೀತು. ಆದರೆ ಕೊಯ್ದ ವಾರದಲ್ಲೇ ಮಾರಾಟವಾಗುವ ಮುಂಗಾರಿನ ಈರುಳ್ಳಿಯೂ ಆ ಸರಾಸರಿಯಲ್ಲಿ ಸೇರಿದೆ. ಐದಾರು ತಿಂಗಳು ಸಾಮಾನ್ಯ ಸಂಗ್ರಹದಲ್ಲಿ ಕೂತದ್ದರ ನಷ್ಟ ಶೇ 40ರವರೆಗೂ ಹೋಗುತ್ತದೆ. ಅರ್ಧಕ್ಕಿಂತ ಹೆಚ್ಚು ಪಾಲು ಕೊಳೆತದ್ದೂ ಅಲ್ಲ, ಮೊಳೆತದ್ದೂ ಅಲ್ಲ, ಬರೀ ಹಾರಿಹೋದ ನೀರು ಎಂಬ ಚಾಳುಗಳೂ ಇವೆ.

ಈ ನೀರಿನ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿದರೆ ರೈತನ ಇಕ್ಕಟ್ಟು ತಿಳಿಯುತ್ತದೆ. ಮೇ ತಿಂಗಳಲ್ಲಿ ಕ್ವಿಂಟಾಲಿಗೆ 1,200 ರೂಪಾಯಿ ಬೆಲೆ ಇದ್ದಾಗ ಮಾರದೆ 100 ಕ್ವಿಂಟಾಲ್ ಒಳಗಿಟ್ಟ ಎನ್ನೋಣ. ಅಂದು ಕೈಗೆ ಸಿಗಬೇಕಾಗಿದ್ದುದು 1,20,000. ಅಕ್ಟೋಬರ್‌ನಲ್ಲಿ ಶೇ 30 ಕಳೆದು 70 ಕ್ವಿಂಟಾಲ್ ಉಳಿದರೆ, ಬೆಲೆ 1,714ಕ್ಕೆ ಏರಿದರೆ ಮಾತ್ರ ಅದೇ ಹಣ. ಆಯುವ ಕೂಲಿ, ಬಡ್ಡಿ, ಐದು ತಿಂಗಳ ನಿದ್ದೆಗೆಟ್ಟ ಲೆಕ್ಕ ಇದರಲ್ಲಿಲ್ಲ. ಬೆಲೆ ಶೇ 40ಕ್ಕೂ ಹೆಚ್ಚು ಏರಿದೆ ಎಂದು ಪೇಟೆಯವರು ಬಾಯಿಬಡಿದುಕೊಳ್ಳುವ ಹೊತ್ತಿನಲ್ಲಿ ಅವನು ಇನ್ನೂ ಹೊರಟ ಜಾಗದಲ್ಲೇ ಇರುತ್ತಾನೆ. ಚಾಳು ಕಟ್ಟಲು ಸಹಾಯಧನವೇನೋ ಉಂಟು. ರಾಷ್ಟ್ರೀಯ ತೋಟಗಾರಿಕಾ ಮಿಷನ್ನಿನ ಅಡಿಯಲ್ಲಿ ಬಹುಕಾಲ 25 ಟನ್ನಿನ ಚಾಳಿಗೆ 1.75 ಲಕ್ಷ ರೂಪಾಯಿ ಖರ್ಚು ಹಿಡಿದು ಅರ್ಧ ಕೊಡುವ ಪದ್ಧತಿ ನಡೆದಿತ್ತು. ಅದು ಕಟ್ಟೋಣಕ್ಕೆ ಸಿಗುವ ಹಣ, ಒಳಗೆ ಹಾರುವ ನೀರಿಗೆ ಯಾರೂ ಜವಾಬ್ದಾರರಲ್ಲ.

ಅದೇ ಹೆದ್ದಾರಿಯ ನಾರಾಯಣಗಾಂವ್, ಜುನ್ನರ್ ಕಡೆಗೆ ಹೋದರೆ ತಂಪನ್ನೇ ನಂಬಿದ ಇನ್ನೊಂದು ಬೆಳೆ ಸಿಗುತ್ತದೆ. ದ್ರಾಕ್ಷಿಯನ್ನು ಬೆಳಗಿನ ತಂಪಿನಲ್ಲೇ ಕೊಯ್ದು, ಕೆಲವೇ ಗಂಟೆಗಳಲ್ಲಿ ಹಣ್ಣಿನ ಒಳಗಿನ ಉಷ್ಣಾಂಶವನ್ನು 4 ಡಿಗ್ರಿಗೆ ಇಳಿಸಿ, ಪೆಟ್ಟಿಗೆಯಲ್ಲಿ ಗಂಧಕದ ಡೈಆಕ್ಸೈಡ್ ಬಿಡುವ ಹಾಳೆ ಹೊದಿಸಿ, ಸೊನ್ನೆಯ ಆಸುಪಾಸಿನಲ್ಲೇ ಹಡಗು ಹತ್ತಿಸಿದರೆ ವಾರಗಟ್ಟಲೆ ಸಮುದ್ರ ದಾಟಿ ಯುರೋಪು ತಲುಪುತ್ತದೆ. ದ್ರಾಕ್ಷಿ ಕೊಯ್ದ ಮೇಲೆ ಹಣ್ಣಾಗುವ ಜಾತಿಯದಲ್ಲ, ಬಳ್ಳಿಯಲ್ಲಿ ಸಿಹಿ ಎಷ್ಟಿತ್ತೋ ಅಷ್ಟೇ; ಆದ್ದರಿಂದ ತಂಪಿನ ಕೆಲಸ ಇದ್ದದ್ದನ್ನು ಇದ್ದಂತೆ ಹಿಡಿದಿಡುವುದು. ಮಾಂಜರಿಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ, 1991ರಲ್ಲಿ ದ್ರಾಕ್ಷಿ ಸಹಕಾರ ಸಂಘಗಳು ಕೂಡಿ ಪುಣೆಯಲ್ಲಿ ಕಟ್ಟಿದ ಮಹಾಗ್ರೇಪ್ಸ್, ಕೊಯ್ಲೋತ್ತರ ತಂತ್ರಜ್ಞಾನದ ತರಬೇತಿ ಕೊಡುವ ತಳೆಗಾಂವ್ ದಾಭಾಡೆಯ ಸಂಸ್ಥೆ, ಎಲ್ಲವೂ ಇದೇ ಜಿಲ್ಲೆಯಲ್ಲಿ. ಇನ್ನು ಪುರಂದರದ ಅಂಜೂರ. 2016ರಲ್ಲಿ ಭೌಗೋಳಿಕ ಗುರುತು ಪಡೆದ ಈ ಹಣ್ಣು ಒಂದೆರಡು ದಿನಕ್ಕೆ ಮೆತ್ತಗಾಗಿಬಿಡುತ್ತದೆ, ಅದಕ್ಕೇ 2024ರಲ್ಲಿ ಅಲ್ಲಿಯ ರೈತ ಕಂಪನಿಯೊಂದು ಹಣ್ಣಿನ ಬದಲು ಅಂಜೂರದ ರಸವನ್ನೇ ಪೋಲೆಂಡಿಗೆ ಕಳಿಸಿತು. ಮೂರು ಬೆಳೆ, ಮೂರು ಸ್ವಭಾವ. ಎಲ್ಲದಕ್ಕೂ ಒಂದೇ ಶೀತಲಗೃಹದ ಮಾತಾಡುವವರು ಈ ಜಿಲ್ಲೆಯಲ್ಲಿ ಒಂದು ಸುತ್ತು ಹಾಕಬೇಕು.

ಮೊಳಕೆ ತಡೆಯಲು ವಿಕಿರಣದ ದಾರಿಯೂ ಇದೆ. ನಾಸಿಕ ಜಿಲ್ಲೆಯ ಲಾಸಲಗಾಂವ್‌ನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಈ ಶತಮಾನದ ಆರಂಭದಲ್ಲೇ ಕೃಷಕ್ ಎಂಬ ಘಟಕ ಕಟ್ಟಿತು. ಕೋಬಾಲ್ಟ್-60ರ ಕಿರಣ ಅತಿ ಸಣ್ಣ ಪ್ರಮಾಣದಲ್ಲಿ, 60ರಿಂದ 90 ಗ್ರೇ, ತಾಗಿಸಿದರೆ ನಡುವಿನ ಮೊಗ್ಗು ಮುಂದೆ ಬೆಳೆಯುವುದಿಲ್ಲ. ಗಡ್ಡೆ ನಿದ್ದೆಯಲ್ಲಿರುವಾಗಲೇ, ಅಂದರೆ ಕೊಯ್ದ ಕೆಲವೇ ವಾರಗಳಲ್ಲಿ, ಈ ಕೆಲಸ ಮುಗಿಯಬೇಕು. ತಂತ್ರಜ್ಞಾನ ಗೆದ್ದಿದೆ, ವ್ಯಾಪಾರ ಗೆದ್ದಿಲ್ಲ. ಕಿರಣ ಮೊಳಕೆಯನ್ನಷ್ಟೇ ನಿಲ್ಲಿಸುತ್ತದೆ. ಹಾರುವ ನೀರು, ಬರುವ ಕೊಳೆ ಹಾಗೆಯೇ ಇರುತ್ತವೆ. ಎಲ್ಲ ಊರಿನ ಮಾಲೂ ಕೊಯ್ಲಾದ ಅದೇ ವಾರಗಳಲ್ಲಿ ಒಂದೇ ಘಟಕದ ಮುಂದೆ ನಿಲ್ಲುವುದು ಆಗದ ಮಾತು. ಅದಕ್ಕಿಂತ ಭರವಸೆ ಹುಟ್ಟಿಸುವುದು ಸಣ್ಣ ಸುಧಾರಣೆಗಳು. ತಳದಿಂದ ಗಾಳಿ ಊದುವ ಫ್ಯಾನು, ರಾಶಿಯ ನಡುವಿನ ತೇವ ಮತ್ತು ವಾಸನೆಯ ಅನಿಲ ಅಳೆದು ಮೊಬೈಲಿಗೆ ಸುದ್ದಿ ಕಳಿಸುವ ಸಂವೇದಕ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಈರುಳ್ಳಿ ಸಂಗ್ರಹಕ್ಕೆ ಹೊಸ ಉಪಾಯ ಕೇಳಿ ಸ್ಪರ್ಧೆಯನ್ನೇ ಏರ್ಪಡಿಸಿತ್ತು. ಇಲಾಖೆಗೆ ತನ್ನದೇ ಕಾರಣವೂ ಇತ್ತು: ಬೆಲೆ ಏರಿಕೆ ತಡೆಯಲು ಸರ್ಕಾರ ಕೊಂಡಿಡುವ ಈರುಳ್ಳಿ, 2022ರಲ್ಲಿ ಎರಡೂವರೆ ಲಕ್ಷ ಟನ್, ಬಹುಪಾಲು ಮಲಗುವುದು ಇಂಥವೇ ಚಾಳುಗಳಲ್ಲಿ.

ಚಾಳಿನ ಲೆಕ್ಕ ತಪ್ಪಿಸುವ ಇನ್ನೊಂದು ಸಂಗತಿ ಹವಾಮಾನಕ್ಕೆ ಸೇರಿದ್ದಲ್ಲ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿಗೆ ಶೇ 40 ಸುಂಕ ಹಾಕಿತು. ಆಗ ಚಾಳುಗಳಲ್ಲಿ ಮೂರು ತಿಂಗಳು ಕಳೆದು ತೂಕ ಇಳಿಸಿಕೊಂಡ ಮಾಲಿತ್ತು. ಡಿಸೆಂಬರ್ 8ರಿಂದ ರಫ್ತೇ ನಿಷೇಧ. ಆ ಹೊತ್ತಿಗೆ ಪೇಟೆಗೆ ಬರುತ್ತಿದ್ದುದು ಮುಂಗಾರಿನ ಕೆಂಪು ಈರುಳ್ಳಿ. ಒಂದು ತಿಂಗಳು ಇಟ್ಟುಕೊಂಡು ನೋಡೋಣ ಎನ್ನುವ ಅವಕಾಶವೂ ಅದಕ್ಕಿಲ್ಲ. ನಿಷೇಧ ತೆರವಾದದ್ದು 2024ರ ಮೇ 4ರಂದು, ಸುಂಕ ಪೂರ್ತಿ ಹೋದದ್ದು 2025ರ ಏಪ್ರಿಲ್ 1ಕ್ಕೆ. ಗ್ರಾಹಕನನ್ನು ಕಾಯುವುದು ಸರ್ಕಾರದ ಕೆಲಸವೇ, 1998ರ ದೆಹಲಿ ಚುನಾವಣೆಯಲ್ಲಿ ಈರುಳ್ಳಿ ಬೆಲೆ ಆಳುವ ಪಕ್ಷವನ್ನು ಮನೆಗೆ ಕಳಿಸಿದ್ದನ್ನು ಯಾವ ರಾಜಕಾರಣಿಯೂ ಮರೆತಿಲ್ಲ. ಆದರೆ ಆದೇಶ ಬೀಳುವ ತಿಂಗಳು ಯಾವುದು, ಆಗ ಚಾಳಿನಲ್ಲಿರುವ ಮಾಲು ಎಷ್ಟು ದಿನ ತಾಳುವಂಥದ್ದು ಎಂದು ಯೋಚಿಸಿ ಬರೆದ ಅಧಿಸೂಚನೆ ಅಪರೂಪ.

ಸೆಪ್ಟೆಂಬರ್ ಬಂದರೆ ಪುಣೆ ಜಿಲ್ಲೆಯ ಚಾಳಿನವರು ಕರ್ನಾಟಕದ ಮಳೆಯ ಸುದ್ದಿ ಕೇಳತೊಡಗುತ್ತಾರೆ. ಗದಗ, ಧಾರವಾಡ, ವಿಜಯಪುರ, ಬಾಗಲಕೋಟೆ, ಚಿತ್ರದುರ್ಗದ ಹೊಸ ಈರುಳ್ಳಿ ಪೇಟೆಗೆ ಇಳಿಯುವ ಕಾಲ ಅದು. ಅಲ್ಲಿ ಬೆಳೆ ಚೆನ್ನಾಗಿದ್ದರೆ ಇಲ್ಲಿ ಹಳೆಯ ಮಾಲಿಗೆ ಬೆಲೆ ಕುಸಿಯುತ್ತದೆ, ಬೇಗ ಖಾಲಿ ಮಾಡಬೇಕು. ಅಲ್ಲಿ ಕೊಯ್ಲಿನ ವಾರ ಮಳೆ ಹೊಡೆದರೆ ಇಲ್ಲಿ ಇನ್ನೊಂದು ಹದಿನೈದು ದಿನ ಕಾದು ನೋಡಬಹುದು. 2019ರಲ್ಲಿ ಎರಡೂ ಕಡೆ ಅಕಾಲದ ಮಳೆ ಹೊಸ ಬೆಳೆಯನ್ನು ತೊಳೆದುಕೊಂಡು ಹೋಯಿತು. ಡಿಸೆಂಬರ್ ಮೊದಲ ವಾರ ಸೊಲ್ಲಾಪುರದ ಪೇಟೆಯಲ್ಲಿ ಆಯ್ದ ಮಾಲು ಕ್ವಿಂಟಾಲಿಗೆ 20,000 ಮುಟ್ಟಿತು, ಬೆಂಗಳೂರಿನಲ್ಲಿ ಚಿಲ್ಲರೆ ಬೆಲೆ ಕಿಲೋಗೆ 200 ಆಯಿತು. ಆ ಬೆಲೆ ನೋಡುವ ಭಾಗ್ಯ ಚಾಳಿನವರಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಅಷ್ಟರಲ್ಲಿ ಹಲಗೆಗಳು ಖಾಲಿಯಾಗಿದ್ದವು. ಟರ್ಕಿ, ಈಜಿಪ್ಟುಗಳಿಂದ ಹಡಗಿನಲ್ಲಿ ಬಂದ ದಪ್ಪ ಈರುಳ್ಳಿಯನ್ನು ನಮ್ಮವರು ಮೂಸಿ ನೋಡಿ ಪಕ್ಕಕ್ಕಿಟ್ಟರು.

ಕರ್ನಾಟಕದ ಪೇಚು ಇದೇ ಕತೆಯ ಇನ್ನೊಂದು ಮುಖ. ನಮ್ಮ ಬೆಳೆಯ ದೊಡ್ಡ ಪಾಲು ಮುಂಗಾರಿನದು, ಮಳೆ ನಂಬಿ ಬಿತ್ತಿದ್ದು. ಕಿತ್ತಾಗ ನೆಲ ಒದ್ದೆ, ಗಾಳಿ ಒದ್ದೆ, ಕುತ್ತಿಗೆ ಹಸಿ. ಹೊಲದಲ್ಲಿ ಬಾಡಿಸಲು ಮೂರು ದಿನದ ಬಿಸಿಲು ಒಟ್ಟಿಗೆ ಸಿಗುವುದಿಲ್ಲ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನಿಕೇತನ್ ಹಿಂಗಾರಿನಲ್ಲಿ ಬೆಳೆದರೆ ಐದು ತಿಂಗಳು ತಾಳಬಲ್ಲದು. ಅಕ್ಟೋಬರ್ ಮಳೆಯಲ್ಲಿ ಕಿತ್ತ ಕೆಂಪು ಗಡ್ಡೆಯನ್ನು ಎಷ್ಟೇ ಒಳ್ಳೆಯ ಚಾಳಿನಲ್ಲಿಟ್ಟರೂ ತಿಂಗಳು ಉಳಿಯುವುದು ಕಷ್ಟ. ಆದರೂ ಪುಣೆ, ನಾಸಿಕ ನೋಡಿ ಬಂದ ನಿಯೋಗಗಳು ಊರಿಗೆ ಮರಳಿ ಮೊದಲು ಕೇಳುವುದು ಚಾಳಿಗೆ ಸಹಾಯಧನ. ಗದಗಿನ ಅಥವಾ ಚಳ್ಳಕೆರೆಯ ರೈತನಿಗೆ ಅದಕ್ಕಿಂತ ಮೊದಲು ಬೇಕಾದದ್ದು, ಹಸಿ ಈರುಳ್ಳಿ ತಂದ ದಿನವೇ ಸುರುವಿ ಮೂವತ್ತು ಡಿಗ್ರಿಯ ಬೆಚ್ಚನೆ ಗಾಳಿ ಊದಿ ನಾಲ್ಕೈದು ದಿನದಲ್ಲಿ ಕುತ್ತಿಗೆ ಒಣಗಿಸಿಕೊಡುವ ಒಂದು ಶೆಡ್ಡು. ಎಪಿಎಂಸಿಯ ಪ್ರಾಂಗಣದಲ್ಲೋ, ನಾಲ್ಕು ಹಳ್ಳಿಗೊಂದರಂತೆ ರೈತ ಸಂಘದ ಕೈಯಲ್ಲೋ ಅದು ಇದ್ದರೆ, ಮಳೆ ಬಂದ ವಾರ ಬೆಳೆಗಾರ ದಲ್ಲಾಳಿ ಹೇಳಿದ ಬೆಲೆಗೆ ಮೂಟೆ ಇಳಿಸುವ ಬದಲು ಹದಿನೈದು ಇಪ್ಪತ್ತು ದಿನವಾದರೂ ತಡೆದು ಮಾರಬಹುದು.